ಬೆಣ್ಣೆಗೆ ಬಾಗಿಲು ಹಾಕುತ್ತಿದ್ದವಳು

ಆಕೆಯ ಮೂಗುಬೊಟ್ಟಿನ ಸುತ್ತ ಯಾವಾಗಲೂ ಒಂದಿಷ್ಟು ಕೋಕೋ ಪುಡಿ ಕೂತಿರುತ್ತಿತ್ತು. ಮುಖ ತೊಳೆದು, ಹಣೆಗೆ ವಿಭೂತಿ ಎಳೆದುಕೊಂಡು, ಗರಿಗರಿ ಸೀರೆ ಉಟ್ಟು ಯಾರದೋ ಮದುವೆಗೆ ಹೊರಟಾಗಲೂ ಆ ಕಂದು ಗೆರೆ ಅಲ್ಲೇ ಇರುತ್ತಿತ್ತು. ಇರದೆ ಏನು? ಮನೆಗೆ ಬಂದ ಯಾವ ಪೊಟ್ಟಣವೂ ಆ ಮೂಗನ್ನು ದಾಟದೆ ಒಳಗೆ ಹೋದದ್ದಿಲ್ಲ. ಕೋಕೋ ಪ್ಯಾಕೆಟ್ಟಿನ ಬಾಯಿ ಕತ್ತರಿಸಿದ ಕೂಡಲೇ ಮೊದಲು ಒಳಗೆ ಇಳಿಯುತ್ತಿದ್ದುದು ಚಮಚವಲ್ಲ, ಮೂಗು. ಆಮೇಲೆ ಒಂದು ಚಿಟಿಕೆ ಅಂಗೈಗೆ ಹಾಕಿ, ಹೆಬ್ಬೆರಳಿನಿಂದ ತಿಕ್ಕಿ, ಹಿತ್ತಿಲ ಬಿಸಿಲಿಗೆ ಹಿಡಿದು ನೋಡಿ, ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಬಹಳ ಸಲ ತೀರ್ಪು ಒಂದೇ.

"ಇದ್ರಾಗೆ ಎಂತದೋ ಬೆರ್ಸಿದಾರೆ ಮೇಡಂ."

"ಏನು ಬೆರೆಸಿದ್ದಾರೆ?" ಎಂದು ನಾನು ಕೇಳಿದರೆ, "ಅದು ಗೊತ್ತಿದ್ರೆ ಅನುಮಾನ ಅಂತ ಎಂತಕ್ಕೆ ಅನ್ಬೇಕಿತ್ತು" ಅನ್ನುತ್ತಿದ್ದಳು.

ನಮ್ಮ ಶಿಕಾರಿಪುರದ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದವಳು. ಓಣಿಯ ಮಕ್ಕಳಿಗೆಲ್ಲ ಕೇಕ್ ಆಂಟಿ. ನನಗಿಂತ ಎಷ್ಟೋ ಚಿಕ್ಕವಳಾದರೂ ನನ್ನ ಬಾಯಲ್ಲೂ ಅದೇ ಹೆಸರು ನಿಂತುಬಿಟ್ಟಿತು. ಹುಟ್ಟಿದ್ದು ಸೊರಬದ ಹೊಸಬಾಳೆಯಲ್ಲಿ. ಗಂಡ ಅಂಜನಾಪುರದ ಕಾಲುವೆಯಲ್ಲಿ ಸೌಡಿಯಾಗಿದ್ದರು. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿ ತೂಬು ಎತ್ತುವ, ಇಳಿಸುವ ಕೆಲಸ. ಅವರು ತೀರಿಕೊಂಡ ಮೇಲೆ ಆಕೆ ಪೇಟೆಗೆ ಬಂದಳು. ಆಕೆಯ ಅನುಮಾನಕ್ಕೆಲ್ಲ ಆ ಕಾಲುವೆಯೇ ಮೂಲ ಎಂದು ನನ್ನ ಥಿಯರಿ. ಆಕೆಯೇ ಒಮ್ಮೆ ಹೇಳಿದ್ದಳು: "ನೀರು ಕದಿಯೋರು ಯಾರೂ ಕಳ್ಳನ ಮುಖ ಇಟ್ಕಂಡು ಬರಲ್ಲ ಮೇಡಂ. ಹಣೆ ತುಂಬ ವಿಭೂತಿ ಹಚ್ಕಂಡು, ಆರಾಮಿದೀರಾ ಅಂತ ಕೇಳ್ಕಂಡೇ ಬರ್ತಾರೆ."

ಮನೆ ನೋಡಲು ಬಂದ ದಿನ ನಮ್ಮ ಯಜಮಾನರು, ವಕೀಲಿಕೆಯಿಂದ ನಿವೃತ್ತರಾಗಿದ್ದರೂ ಚಟ ಬಿಡದವರು, ಒಂದಷ್ಟು ಪ್ರಶ್ನೆ ಕೇಳಬೇಕೆಂದು ಕುರ್ಚಿ ಎಳೆದುಕೊಂಡು ಕೂತರು. ಪ್ರಶ್ನೆ ಕೇಳಿದ್ದು ಆಕೆ. ಹಿಂದೆ ಇದ್ದವರು ತಾವೇ ಬಿಟ್ಟರೋ, ನೀವು ಬಿಡಿಸಿದಿರೋ? ನಲ್ಲಿಯಲ್ಲಿ ಬರುವುದು ಕೆರೆಯ ನೀರೋ ಬೋರಿನದೋ? ಸಿಂಕಿನ ಕೆಳಗೆ ತಲೆ ಹಾಕಿ ಮೂಸಿದಳು. ಕೊನೆಗೆ ನನ್ನ ಕಡೆ ತಿರುಗಿ, ಬಹಳ ಪೊಲೈಟ್ ಆಗಿ, "ನೀವು ಮೊಟ್ಟೆ ಗಿಟ್ಟೆ ತಿಂತೀರನ್ರಿ?" ಅಂದಳು.

ಲಿಂಗ ಕಟ್ಟಿಕೊಂಡ ಮನೆಯವರನ್ನು ಹೀಗೆ ಕೇಳುವುದೇ? ಹೌ ರೂಡ್ ಅಂದುಕೊಂಡೆ.

"ಅಲ್ಲ, ಮೇಡಂ ಕಾನ್ವೆಂಟಲ್ಲಿ ಓದಿದೋರು ಅಂತ ಹೇಳಿದ್ರು. ಅದ್ಕೆ ಕೇಳ್ದೆ. ಒಂದೇ ಗೋಡೆ ಅಲ್ಲನ, ನಾಳೆ ನನ್ನ ಮೊಟ್ಟೆ ಇಲ್ದಿರೋ ಕೇಕಿಗೆ ಮಾತು ಬರ್ಬಾರ್ದು."

ಯಜಮಾನರು ನಕ್ಕುಬಿಟ್ಟರು. "ಇಂಥ ಕ್ರಾಸ್ ಎಕ್ಸಾಮಿನೇಷನ್ ನಾನು ಮಾಡಿದ್ದರೆ ಒಂದು ಕೇಸೂ ಸೋಲುತ್ತಿರಲಿಲ್ಲ" ಎಂದು ಅವತ್ತೇ ಬೀಗದ ಕೈ ಕೊಟ್ಟರು.

ಕೇಕಿನ ಕೆಲಸ ಆಕೆಗೆ ಹತ್ತಿದ್ದು ಪೇಟೆಗೆ ಬರುವ ಮೊದಲು ಸೊರಬದ ಕಡೆ ಯಾವುದೋ ಬೇಕರಿಯಲ್ಲಿ ಡಬ್ಬಿ ತುಂಬುವ ಕೆಲಸಕ್ಕೆ ಹೋಗಿದ್ದಾಗ. ಅಲ್ಲಿ ಕೇಕಿನ ಮೇಲೆ ಹಾಕುವ ಕ್ರೀಮು ಡಬ್ಬದಲ್ಲಿ ಬರುತ್ತಿತ್ತಂತೆ. "ಕೈಗೆ ಹತ್ತಿದ್ದು ಸೋಪು ಹಾಕಿ ತಿಕ್ಕಿದ್ರೂ ಹೋಗ್ಲಿಲ್ಲ ಮೇಡಂ. ಹೊಟ್ಟೆ ಒಳಗೆ ಸೋಪು ಯಾರು ಹಾಕ್ತಾರೆ?" ಆ ಪ್ರಶ್ನೆಯೇ ಆಕೆಯನ್ನು ಸ್ವಂತ ಅಡುಗೆಮನೆಗೆ ತಂದಿತು. ಮೊಬೈಲಿನಲ್ಲಿ ನೋಡಿ ನೋಡಿ ಕಲಿತಳು. ನೋಡಿದ್ದನ್ನೂ ನಂಬಲಿಲ್ಲ. "ಇವ್ಳು ಅಳತೆ ಸರಿ ಹೇಳ್ತಿಲ್ಲ, ಬೇಕಂತ್ಲೇ ಒಂದು ಬಿಡ್ತಾಳೆ" ಎಂದು ಸ್ಕ್ರೀನಿನೊಳಗಿನ ಯಾರೋ ದೆಹಲಿ ಹುಡುಗಿಯ ಮೇಲೂ ಆಕೆಗೆ ಡೌಟು.

ಆಕೆಯ ಹೆಸರು ನಿಂತದ್ದು ಚಾಕಲೇಟ್ ಬಟರ್‌ಕ್ರೀಮಿನ ಮೇಲೆ. ಕೆಳಗಿನ ಕೇಕು ಎಲ್ಲರ ಕೇಕಿನ ಹಾಗೇ. ಮೇಲಿನ ಆ ಕಂದು ಕ್ರೀಮು ಮಾತ್ರ ಬೇರೆ. ನಾಲಿಗೆಗೆ ಅಂಟುವುದಿಲ್ಲ, ಅಂಗುಳಕ್ಕೆ ಮೇಣದ ಹಾಗೆ ಮೆತ್ತುವುದಿಲ್ಲ, ತಣ್ಣಗೆ ಹಗುರವಾಗಿ ಕರಗಿ, ಹೋದ ಮೇಲೆ ಸಣ್ಣ ಕಹಿಯನ್ನು ಬಿಟ್ಟುಹೋಗುತ್ತಿತ್ತು. ನಾನು ಮೊದಲ ಸಲ ತಿಂದದ್ದು ಒಂದು ಪುಟ್ಟ ಕಪ್ ಕೇಕಿನ ಮೇಲೆ. ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಸಿಸ್ಟರುಗಳು ಯಾರದಾದರೂ ಬರ್ತ್‌ಡೇ ಬಂದರೆ ಚಾಕಲೇಟ್ ಐಸಿಂಗ್ ಹಾಕಿದ ಕೇಕ್ ಕತ್ತರಿಸುತ್ತಿದ್ದರು. ಅಪ್ಪ ಮೊದಲೇ ಹೇಳಿಹೋಗಿದ್ದರು, ನಮ್ಮ ಹುಡುಗಿಗೆ ಕೇಕ್ ಕೊಡಬೇಡಿ, ಅದರಲ್ಲಿ ಮೊಟ್ಟೆ ಇರುತ್ತದೆ ಎಂದು. ನನ್ನ ತಟ್ಟೆಗೆ ಬಾಳೆಹಣ್ಣು ಬರುತ್ತಿತ್ತು. ಹ್ಯಾಪಿ ಬರ್ತ್‌ಡೇ ಹಾಡಿಗೆ ಎಲ್ಲರಿಗಿಂತ ಗಟ್ಟಿಯಾಗಿ ದನಿಗೂಡಿಸಿ, ಆಮೇಲೆ ಬಾಳೆಹಣ್ಣು ಸುಲಿಯುತ್ತಿದ್ದೆ. ಗೆಳತಿಯರ ತುಟಿಯ ಮೇಲಿನ ಕಂದು ಮೀಸೆಯನ್ನು ನೋಡುತ್ತಾ ಅದರ ರುಚಿ ಹೇಗಿರಬಹುದು ಎಂದು ಊಹಿಸುತ್ತಿದ್ದೆ. ಆ ಊಹೆಗೂ ಈ ಮುದಿ ವಯಸ್ಸಿನಲ್ಲಿ ಸಿಕ್ಕ ಉತ್ತರಕ್ಕೂ ನಡುವೆ ಎಷ್ಟೊಂದು ಕಾಲ ಹೋಗಿತ್ತು. ಕಪ್ ಕೇಕು ಮುಗಿದ ಮೇಲೆ ಕಾಗದವನ್ನೂ ನೆಕ್ಕಿದೆ. ಆಕೆ ನೋಡುತ್ತಾ ನಿಂತಿದ್ದವಳು, "ನಿಜವಾಗ್ಲೂ ಚಲೋ ಐತೋ, ನನ್ನ ಸಮಾಧಾನಕ್ಕೆ ತಿಂತಿದೀರೋ?" ಅಂದಳು.

ಆ ಕ್ರೀಮು ಮಾಡುವಾಗ ಆಕೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೇಕ್ ಬೇಯಿಸುವಾಗ ಅಲ್ಲ, ಡಬ್ಬಿಗೆ ಇಳಿಸುವಾಗ ಅಲ್ಲ, ಬೆಣ್ಣೆಗೆ ಬೀಟರ್ ಹಾಕುವ ಹೊತ್ತಿಗೆ ಮಾತ್ರ. ಅಗಳಿ ಬೀಳುವ ಸದ್ದು, ಕಿಟಕಿಯ ಪರದೆ ಎಳೆದ ಸದ್ದು, ಆಮೇಲೆ ಮೆಷಿನ್ನಿನ ಗುಂಯ್ ಶಬ್ದ. ನಡುವೆ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಒಂದು ಸಲ ಅಗಳಿ ಹಾಕಲು ಮರೆತಿದ್ದಾಗ ಸಿಲಿಂಡರ್ ತಂದವನು ಇಣುಕಿ, "ಏನಕ್ಕಾ, ಎಷ್ಟ್ ಬೆಳ್ಳಗೈತಿ ಇದು" ಅಂದನಂತೆ. ಅಂದದ್ದೇ ತಡ, ಪಾತ್ರೆಯೊಳಗಿನ ಬೆಣ್ಣೆ ಒಡೆದ ಹಾಲಿನ ಹಾಗೆ ಗರಣೆಗರಣೆಯಾಗಿ ನೀರು ಬಿಟ್ಟಿತು.

ನಾನು ಸೈನ್ಸ್ ಹೇಳಲು ಹೋದೆ. ಬೆಣ್ಣೆಯಲ್ಲಿ ನೀರು ಉಳಿದಿರಬಹುದು, ಹಾಲು ತಣ್ಣಗಿದ್ದಿರಬಹುದು, ಟೆಂಪರೇಚರ್ ಹೊಂದದಿದ್ದರೆ ಒಡೆಯುತ್ತದೆ ಎಂದೆ.

"ಸಿಲಿಂಡರ್‌ನವನು ಬಂದ ಹೊತ್ತಿಗೇ ಎಂತಕ್ಕೆ ಟೆಂಪರೇಚರ್ ಬದ್ಲಾತು?" ಎಂದು ಕೇಳಿದಳು.

ಬಾಗಿಲು ಮುಚ್ಚಿದ ಕಡೆ ಊರಿನ ಕಿವಿ ಇರುತ್ತದೆ. ಓಣಿಯಲ್ಲಿ ಸಣ್ಣಗೆ ಮಾತು ಶುರುವಾಯಿತು. ಮೊಟ್ಟೆ ಹಾಕದೆ ಕ್ರೀಮು ಅಷ್ಟು ಹಗುರ ಹೇಗೆ ಬರುತ್ತದೆ? ಏನೂ ಇಲ್ಲದಿದ್ದರೆ ಬಾಗಿಲು ಯಾಕೆ ಹಾಕಬೇಕು? ಆಕೆಯ ಕೈ ಪಳಗಿದಷ್ಟೂ, ಕ್ರೀಮು ನೊರೆಯಾದಷ್ಟೂ ಮಾತು ಹೆಚ್ಚಾಯಿತು. ನಮ್ಮದು ಮೊಟ್ಟೆಯ ಸಿಪ್ಪೆ ಕಂಡರೆ ದಾರಿ ಬದಲಿಸುವವರ ಓಣಿ. ಒಂದು ದಿನ ಯಜಮಾನರು ವಾಕಿಂಗ್ ಮುಗಿಸಿ ಬಂದು ಶೂ ಬಿಚ್ಚುತ್ತಾ, "ಎಲ್ಲರೂ ನನ್ನನ್ನೇ ಕೇಳುತ್ತಿದ್ದಾರೆ. ಹೌದೋ ಅಲ್ಲವೋ ಅಂತ ನಾನು ಏನು ಹೇಳಲಿ? ಇದು ಹೀಗೇ ಬೆಳೆದರೆ ಅವಳನ್ನು ಬಿಡಿಸಬೇಕಾಗುತ್ತದೆ" ಅಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

ಆಗಲೇ ಪೇಟೆಯ ದೊಡ್ಡ ಕಿರಾಣಿ ಮನೆತನದಿಂದ ಆರ್ಡರ್ ಬಂದದ್ದು. ಮರಿಮಗನ ಮೊದಲ ಬರ್ತ್‌ಡೇ. ಬಳಗವೆಲ್ಲ ಸೇರುತ್ತದೆ. ಸೊಸೆ ಫೋನಿನಲ್ಲಿ ಡಿಸೈನ್ ಎಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ, "ನಮ್ಮ ಅಜ್ಜಿದೊಂದು ಕಂಡೀಶನ್ ಐತಿ ಆಂಟಿ" ಅಂದಳಂತೆ. ಆ ಮನೆಯ ಅಜ್ಜಿ ಲಿಂಗಪೂಜೆ ಆಗದೆ ಬಾಯಿಗೆ ನೀರೂ ಹಾಕದವರು. ಕ್ರೀಮು ಮಾಡುವುದನ್ನು ನಂಬಿಕಸ್ಥರು ಯಾರಾದರೂ ಮೊದಲಿನಿಂದ ಕೊನೆಯವರೆಗೆ ನೋಡಿ, ಮೊಟ್ಟೆ ಇಲ್ಲ ಎಂದು ಹೇಳಬೇಕು. ಇಲ್ಲದಿದ್ದರೆ ಆ ಕೇಕು ಮನೆಯೊಳಗೆ ಬರಕೂಡದು. ಆ ಅಜ್ಜಿ ಬೇಡ ಅಂದ ಕೇಕು ಶಿಕಾರಿಪುರದ ಯಾವ ಲಿಂಗವಂತರ ಮನೆಗೂ ಆಮೇಲೆ ಹೋಗುವುದಿಲ್ಲ ಎಂಬುದು ಆಕೆಗೂ ಗೊತ್ತು, ನನಗೂ ಗೊತ್ತು.

ಎರಡು ದಿನ ಆಕೆ ಬೆಣ್ಣೆಗೆ ಕೈ ಹಾಕಲಿಲ್ಲ. ಮೂರನೆಯ ದಿನ ನನ್ನ ಬಾಗಿಲಲ್ಲಿ ನಿಂತು, "ನೀವೇ ಬಂದು ಕೂತ್ಕಳಿ ಮೇಡಂ" ಅಂದಳು.

"ನನ್ನ ಕಣ್ಣಿಗೆ ಬೆಣ್ಣೆ ಒಡೆಯಲ್ಲವೇ?"

"ನಿಮ್ಗೆ ಅಡ್ಗೆ ಬರಲ್ಲ, ಮಾಡೋ ಆಸೆನೂ ಇಲ್ಲ. ಆಸೆ ಇಲ್ದಿರೋ ಕಣ್ಣು ತಾಗಲ್ಲ."

ಇದಕ್ಕೆ ಅಫೆಂಡ್ ಆಗಬೇಕೋ ಬೇಡವೋ ತಿಳಿಯದೆ ಸೆರಗು ಸರಿಮಾಡಿಕೊಂಡು ಹೊರಟೆ.

ಆಗಿನ್ನೂ ಬಿಸಿಲು ಏರಿರಲಿಲ್ಲ. ಏರಿದರೆ ಬೆಣ್ಣೆ ಕೈಗೆ ಸಿಗುವುದಿಲ್ಲವಂತೆ. ಉಳವಿಯ ಕಡೆಯ ಒಬ್ಬ ಹೆಂಗಸು ಮನೆಯಲ್ಲಿ ಕಡೆದು, ಬಾಳೆಲೆಯಲ್ಲಿ ಸುತ್ತಿ, ಬಸ್ಸಿಗೆ ಕೊಟ್ಟು ಕಳಿಸಿದ ಬೆಣ್ಣೆ. ಆಕೆ ಅಗಳಿ ಹಾಕಿ, ಪರದೆ ಎಳೆದು, ಒಂದು ಚೂರು ಬೆಣ್ಣೆಯನ್ನು ಸೌಟಿನಲ್ಲಿ ಉರಿಗೆ ಹಿಡಿದು ಕಿವಿಯ ಹತ್ತಿರ ತಂದುಕೊಂಡಳು. "ಚಟಚಟ ಅಂದ್ರೆ ಮನೆ ಬೆಣ್ಣೆ. ಸುಮ್ನೆ ಕರಗಿದ್ರೆ ವನಸ್ಪತಿ ಸೇರೈತೆ ಅಂತ." ಚಟಚಟ ಅಂದಿತು. ಆದರೂ ಇನ್ನೊಂದು ಮೂಲೆಯಿಂದ ಇನ್ನೊಂದು ಚೂರು ತೆಗೆದು ಕೇಳಿದಳು. ಆಮೇಲೆ ಬೆಣ್ಣೆಯನ್ನು ತಣ್ಣೀರಿನಲ್ಲಿ ತೊಳೆದಳು, ನೀರು ಬೆಳ್ಳಗಾಗುವುದು ನಿಲ್ಲುವವರೆಗೂ ತೊಳೆದಳು. ತೆಳು ಪಂಚೆ ಬಟ್ಟೆಯಲ್ಲಿ ಕಟ್ಟಿ ಒತ್ತಿದಳು. ಮಜ್ಜಿಗೆಯ ಒಂದು ಹನಿ ಉಳಿದರೂ ಕ್ರೀಮು ಹುಳಿ, ನೀರಿನ ಹನಿ ಉಳಿದರೆ ಒಡಕು. ಬೆರಳು ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಜಿಡ್ಡು ಹತ್ತಬಾರದು. ಆ ಹದಕ್ಕೆ ಕಾಯುತ್ತಾ ಕೂತೆವು, ಮಾತಿಲ್ಲದೆ, ಸ್ಟಡಿ ಅವರ್‌ನಲ್ಲಿ ಕೂತ ಹಾಗೆ.

ಹದ ಬಂದಾಗ ಎದ್ದಳು. ಬೀಟರ್ ಕೈಗೆತ್ತಿಕೊಂಡಳು. ನಂತರ, ನನಗೆ ಬೆನ್ನು ಮಾಡಿ ಗೋಡೆಯ ಗೂಡಿನ ಕಡೆ ತಿರುಗಿದಳು. ಸಣ್ಣದೊಂದು ಡಬ್ಬಿ ತೆರೆದ ಸದ್ದು. ಆಕೆಯ ಬೆರಳ ತುದಿಯಲ್ಲಿ ಏನೋ ಬೆಳ್ಳಗೆ ಕಂಡಿತು. ಕೈ ಪಾತ್ರೆಯ ಕಡೆಗೋ ಮೆಷಿನ್ನಿನ ಕಡೆಗೋ ಹೋಯಿತು. ಬೆನ್ನು ಅಡ್ಡ ಇತ್ತು.

"ಅದೇನದು?"

"ಅದನ್ನ ಕೇಳ್ಬ್ಯಾಡಿ ಮೇಡಂ."

ಮೊಟ್ಟೆಯ ಬಿಳಿಯನ್ನು ಒಣಗಿಸಿ ಪುಡಿ ಮಾಡಿ ಮಾರುತ್ತಾರೆ ಎಂದು ನನ್ನ ತಂಗಿಯ ಮೊಮ್ಮಗಳು ಆ ಮಧ್ಯೆ ಎಲ್ಲೋ ಹೇಳಿದ್ದಳು. ಬಿಳಿ ಪುಡಿ. ಸಣ್ಣ ಡಬ್ಬಿ. ಮುಚ್ಚಿದ ಬಾಗಿಲು. ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಬೇಡ ಬೇಡ ಅಂದರೂ ಕೂಡಿಕೊಂಡಿತು.

ಆಮೇಲೆ ನಡೆದದ್ದರಲ್ಲಿ ಒಂದಿಷ್ಟೂ ಮುಚ್ಚುಮರೆಯಿಲ್ಲ. ಬರೀ ಬೆಣ್ಣೆಯನ್ನೇ ಎಷ್ಟೋ ಹೊತ್ತು ನೊರೆಸಿದಳು, ಹಳದಿ ಹೋಗಿ ಮಲ್ಲಿಗೆಯ ಬಣ್ಣಕ್ಕೆ ಬರುವವರೆಗೆ. ಸಕ್ಕರೆಯನ್ನು ತಾನೇ ಮಿಕ್ಸಿಗೆ ಹಾಕಿ ಬಟ್ಟೆಯಲ್ಲಿ ಸೋಸಿಟ್ಟಿದ್ದಳು. ಅಂಗಡಿಯ ಪುಡಿಸಕ್ಕರೆ ನೀರಿಗೆ ಹಾಕಿದರೆ ತಳದಲ್ಲಿ ಬಿಳಿ ಮೋಡ ನಿಲ್ಲುತ್ತದೆ, ಅದು ಹಿಟ್ಟು ಎಂದು ಆಕೆಗೆ ಅದರ ಮೇಲೆ ದ್ವೇಷ. ಸಕ್ಕರೆ ಸ್ವಲ್ಪ, ಕೋಕೋ ಸ್ವಲ್ಪ, ಮತ್ತೆ ಸಕ್ಕರೆ. ಮೆಷಿನ್ನನ್ನು ಮೊದಲು ಮೆಲ್ಲಗೆ ತಿರುಗಿಸಬೇಕು, ಇಲ್ಲದಿದ್ದರೆ ಪುಡಿಯೆಲ್ಲ ಮುಖಕ್ಕೆ. ಕಾಯಿಸಿ ಆರಿಸಿದ ಹಾಲು ಚಮಚದಲ್ಲಿ ಹನಿಸಿದಳು. ಬಣ್ಣ ತಿರುಗುತ್ತಾ ತಿರುಗುತ್ತಾ ಕಾಲುವೆಗೆ ಹೊಸ ನೀರು ಬಂದಾಗಿನ ಕಂದಿಗೆ ಬಂತು. ಕೊನೆಗೆ ಸೌಟು ಎತ್ತಿ ತಲೆಕೆಳಗೆ ಹಿಡಿದಳು. ತುದಿಯಲ್ಲಿ ಕ್ರೀಮು ಗಿಣಿಯ ಕೊಕ್ಕಿನ ಹಾಗೆ ಬಾಗಿ ನಿಂತಿತು, ಬೀಳಲಿಲ್ಲ.

"ಆತು. ಹೋಗಿ ಹೇಳಿ ಇನ್ನು" ಅಂದಳು.

ಏನೆಂದು ಹೇಳಲಿ? ಯಜಮಾನರ ಹತ್ತಿರ ಬೆನ್ನು ತಿರುಗಿಸಿದ್ದನ್ನು ಹೇಳಿದೆ. ಅವರು ಕನ್ನಡಕ ಒರೆಸುತ್ತಾ, "ನಡುವೆ ಪರದೆ ಬಿದ್ದರೆ ಅದು ಕಣ್ಣಾರೆ ಕಂಡ ಸಾಕ್ಷಿಯಲ್ಲ" ಅಂದರು. ಸೊಸೆಯ ಫೋನು ಬಂತು. "ನಾನು ನೋಡಿದಷ್ಟರಲ್ಲಿ ಮೊಟ್ಟೆ ಇಲ್ಲಮ್ಮ" ಎಂದೆ.

"ನೋಡಿದಷ್ಟರಾಗ ಅಂದ್ರ?"

"ಅಂದರೆ, ನೋಡಿದಷ್ಟರಲ್ಲಿ."

"ಅಜ್ಜಿಗೆ ಹೇಳ್ತೀನ್ರಿ" ಎಂದು ಫೋನಿಟ್ಟಳು.

ಆಕೆಗೆ ಹೋಗಿ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಆಕೆ ಪಾತ್ರೆ ಮುಚ್ಚುತ್ತಾ, "ಸರಿ ಹೇಳಿದ್ರಿ ಮೇಡಂ. ನೋಡದೆ ಇರೋದನ್ನ ನೋಡ್ದೆ ಅಂದಿದ್ರೆ, ನಾಳೆಯಿಂದ ನಾನು ನಿಮ್ಮನ್ನ ಹೆಂಗೆ ನಂಬದು?" ಅಂದಳು. ದನಿ ಗಟ್ಟಿಯಾಗಿಯೇ ಇತ್ತು. ಮುಚ್ಚಳ ಮಾತ್ರ ಸರಿಯಾಗಿ ಕೂರಲಿಲ್ಲ.

ಅಂದು ಮಧ್ಯಾಹ್ನ ಮನೆಯ ಮುಂದೆ ಕಾರು ನಿಂತಿತು. ಸೊಸೆಯ ಹೆಗಲು ಹಿಡಿದು ಅಜ್ಜಿಯೇ ಇಳಿದು ಬಂದರು. ಕೋಲು ಊರುತ್ತಾ ನಮ್ಮ ಅಂಗಳ ದಾಟಿ ನೇರ ಹಿಂದಿನ ಮನೆಗೆ ಹೋದರು. ಹೊಸ್ತಿಲಲ್ಲಿ ನಿಂತು ಮೂಸಿದರು. ಒಳಗೆ ಆಕೆಯೂ ಮೂಸುತ್ತಿದ್ದಳು. ಎರಡು ಮೂಗುಗಳ ಅಂಥ ಮೀಟಿಂಗನ್ನು ನಾನು ಕಂಡದ್ದಿಲ್ಲ.

"ಮಾಡಿದ್ದು ಎಲ್ಲೈತಿ?" ಅಂದರು ಅಜ್ಜಿ.

ಆಕೆ ಪಾತ್ರೆ ತೋರಿಸಿದಳು. ಅಜ್ಜಿ ಅದನ್ನು ನೋಡಲಿಲ್ಲ. "ಕಡದದ್ದು ಯಾವುದರಾಗ? ಅದನ್ನ ತಾ."

ಆಕೆ ಅಲುಗಲಿಲ್ಲ. ಸೊಸೆ ತಾನೇ ಹೋಗಿ ಬೀಟರನ್ನು ತಂದು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಅದನ್ನು ತಿರುಗಿಸಿ ನೋಡಿದರು. ಮೆಷಿನ್ನಿನ ಹೊಟ್ಟೆಯ ಕೆಳಗೆ, ಹಿಡಿದ ಕೈ ಮುಚ್ಚುವ ಜಾಗದಲ್ಲಿ, ಒಣಗಿದ ವಿಭೂತಿಯ ಮೂರು ಗೆರೆ.

ನನ್ನ ಎಗ್ ಪೌಡರ್ ಥಿಯರಿ ಅಲ್ಲೇ ಸತ್ತಿತು.

"ಇದನ್ನ ಯಾರು ಕಲಿಸಿದ್ರವ್ವಾ ನಿನಗ?"

"ನಮ್ಮಮ್ಮ ಕಡಗೋಲಿಗೆ ಹಚ್ತಿದ್ರು. ಬೆಣ್ಣೆ ಬರೋ ಹೊತ್ತಿಗೆ ಯಾರ ಕಣ್ಣೂ ಬೀಳ್ಬಾರ್ದು, ಮಾತೂ ಆಡ್ಬಾರ್ದು ಅಂತ ಬಾಗ್ಲು ಹಾಕ್ತಿದ್ರು. ಹೇಳಿದ್ರೆ ಅದ್ರ ಕಾವಲು ಹೋಗ್ತದೆ ಅಂತ ಹೇಳ್ಲಿಲ್ಲ." ಅಷ್ಟು ಹೇಳಿ ಆಕೆ ಗೋಡೆಗೆ ಒರಗಿದಳು. "ಈಗ ಎಲ್ಲ ಹೋತು."

ಸೊಸೆ ಸಣ್ಣಗೆ ನಕ್ಕಳು. "ಅಲ್ಲ ಆಂಟಿ, ಬೆಣ್ಣೆ ಕಡಿಯಾಕ ಬಾಗ್ಲ ಯಾಕ? ನಾವು ಪ್ಯಾಕೆಟ್ ತರ್ತೀವಿ, ಫ್ರಿಜ್ಜಿನಾಗ ಇಡ್ತೀವಿ, ಯಾವ ಕಣ್ಣೂ ತಾಗಂಗಿಲ್ಲ."

ಅಜ್ಜಿ ಅವಳ ಕಡೆ ತಿರುಗಿದರು. "ನಿಂಗೇನ್ ಗೊತ್ತೈತಿ. ನಾ ಹೊಸದಾಗಿ ಬಂದಾಗ ಬಾಗ್ಲ ತಗದಿಟ್ಟು ಕಡದೆ ಅಂತ ನಮ್ಮತ್ತಿ ಮೂರು ದಿನ ನನ್ನ ಕೂಡ ಮಾತಾಡಿರಲಿಲ್ಲ. ಊರಾಗ ಎಲ್ಲಾರೂ ಬಾಗ್ಲ ಹಾಕ್ಕೊಂಡೇ ಕಡೀತಿದ್ರು. ಈಗ ಯಾರೂ ಕಡಿಯಂಗಿಲ್ಲ, ಅದಕ ಬಾಗ್ಲ ಹಾಕಿದಾಕಿ ಕಳ್ಳಿ ಆಗ್ಯಾಳ." ಆಮೇಲೆ ಕೋಲಿನಿಂದ ಹೊರಗೆ ತೋರಿಸಿದರು. "ಹೋಗ್ರಿ, ಎಲ್ಲಾರೂ ಹೊರಗ ಹೋಗ್ರಿ. ನೀ ಬಾಗ್ಲ ಹಾಕವ್ವಾ. ಇನ್ನೊಂದಿಷ್ಟು ಮಾಡು. ನಾ ಕೂಡ್ತೀನಿ."

ಬೆಳಗಿನ ಅಫೀಶಿಯಲ್ ಸಾಕ್ಷಿಯಾದ ನನ್ನನ್ನೂ ಸೇರಿಸಿ ಹೊರಗೆ ಹಾಕಿದರು. ನಾನೂ ಸೊಸೆಯೂ ಹಿತ್ತಿಲ ಕಲ್ಲಿನ ಮೇಲೆ ಕೂತೆವು. ಅಗಳಿ ಬಿತ್ತು. ಮೆಷಿನ್ನು ಗುಂಯ್ ಅಂದಿತು, ನಿಂತಿತು, ಮತ್ತೆ ಅಂದಿತು. ನಡುವೆ ನಕ್ಕ ಹಾಗೆ ಕೇಳಿಸಿತು. ಇಬ್ಬರಲ್ಲಿ ಯಾರು ನಕ್ಕರು, ಯಾಕೆ ನಕ್ಕರು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಬಾಗಿಲು ತೆಗೆದಾಗ ಅಜ್ಜಿಯ ಗಲ್ಲದ ಮೇಲೆ ಕಂದು ಚುಕ್ಕೆಯಿತ್ತು.

"ಚೊಲೋ ಐತಿ. ಸಕ್ರಿ ಒಂದೀಟು ಜಾಸ್ತಿ" ಎಂದು ಕಾರು ಹತ್ತಿದರು.

ಬರ್ತ್‌ಡೇ ಆಯಿತು. ಬಂದವರು ಕೇಳಿದಾಗೆಲ್ಲ ಅಜ್ಜಿ ಎರಡೇ ಮಾತು ಅಂದರಂತೆ: "ನಾ ನೋಡೇನಿ." ಓಣಿಯ ಬಾಯಿ ಮುಚ್ಚಲು ಅಷ್ಟು ಸಾಕಾಯಿತು. ಯಜಮಾನರು ಬಿಡಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ಆಕೆಗೆ ಮಾತ್ರ ಸಮಾಧಾನವಿಲ್ಲ. "ಅಜ್ಜಿ ಅಷ್ಟು ಬೇಗ ಎಂತಕ್ಕೆ ಒಪ್ಪಿದ್ರು ಮೇಡಂ? ಎಂತದೋ ಐತೆ. ನನ್ ಹತ್ರ ಕಲ್ತ್ಕಂಡು ಮನೇಲೇ ಮಾಡಕ್ಕೆ ಹೊಂಚು ಹಾಕಿರ್ಬೇಕು." ಆರ್ಡರುಗಳು ಬರುತ್ತಲೇ ಇದ್ದವು. ಬರುವ ಒಂದೊಂದು ಫೋನಿನ ಹಿಂದೆಯೂ ಆ ಅಜ್ಜಿಯ ಹೊಂಚನ್ನು ಹುಡುಕುತ್ತಲೇ ಇದ್ದಳು.

ನನ್ನ ಮಟ್ಟಿಗೆ ಆದ ಬದಲಾವಣೆ ಒಂದೇ. ಆಮೇಲೆ ಬೆಣ್ಣೆ ನೊರೆಸುವಾಗ ಆಕೆ ನನ್ನನ್ನು ಹೊರಗೆ ಬಿಡಲಿಲ್ಲ. ಗೋಡೆಯ ಪಕ್ಕ ನನಗೊಂದು ಮಣೆ ಖಾಯಂ ಆಯಿತು. ಮಂಡಿ ನೋವೆಂದರೆ 'ಗೋಡೆಗೆ ಒರಗಿ' ಅನ್ನುತ್ತಿದ್ದಳು, 'ಹೋಗಿ' ಅನ್ನುತ್ತಿರಲಿಲ್ಲ. ಬೆನ್ನನ್ನೂ ತಿರುಗಿಸುತ್ತಿರಲಿಲ್ಲ. ಡಬ್ಬಿ ತೆರೆಯುವುದು, ಮೂರು ಬೆರಳು, ಮೂರು ಗೆರೆ, ಎಲ್ಲ ನನ್ನ ಕಣ್ಣೆದುರಿಗೇ. ಹಾಲಿನವನನ್ನು, ತೂಕದ ಕಲ್ಲನ್ನು, ಕರೆಂಟಿನ ಮೀಟರನ್ನು, ಹವಾಮಾನದ ವರದಿಯನ್ನು ನಂಬದವಳು ನನ್ನನ್ನು ಒಳಗೆ ಕೂರಿಸಿಕೊಳ್ಳುತ್ತಿದ್ದಳು. ನನ್ನ ಬದುಕಿನಲ್ಲಿ ಅನೇಕರು ನನ್ನನ್ನು ಪ್ರೀತಿಸಿದ್ದಾರೆ, ಗೌರವಿಸಿದ್ದಾರೆ. ಇಷ್ಟು ಕಷ್ಟಪಟ್ಟು ನಂಬಿದವರು ಬೇರೆ ಯಾರೂ ಇಲ್ಲ.

ಕಾಯಿಲೆ ಬಂದಾಗ ಡಾಕ್ಟರು ಕೊಟ್ಟ ಟಾನಿಕ್ಕನ್ನೂ ಮೂಸಿದಳು. "ಇದ್ರಾಗೆ ಸಕ್ರೆ ಬಿಟ್ರೆ ಎಂತದೂ ಇಲ್ಲ" ಅಂದಳು. ಆಕೆಯ ಅನುಮಾನವೇ ನಿಜವಾಯಿತೋ ಏನೋ, ಅದು ಕೆಲಸ ಮಾಡಲಿಲ್ಲ. ಹೊಸಬಾಳೆಯಿಂದ ತಮ್ಮ ಬಂದು ತವರಿಗೆ ಕರೆದುಕೊಂಡು ಹೋದ. ಹೋಗುವಾಗ ಬೀಗದ ಕೈಯನ್ನು ನನ್ನ ಕೈಗಿಟ್ಟು, ಬೀಗ ಸರಿಯಾಗಿ ಬಿದ್ದಿದೆಯೇ ಎಂದು ತಾನೇ ಎಳೆದು ನೋಡಿ ಹೋದಳು. ತಿಂಗಳು ತುಂಬುವ ಮುಂಚೆ ಸುದ್ದಿ ಬಂತು.

ನಾನೂ ಯಜಮಾನರೂ ತಲುಪುವ ಹೊತ್ತಿಗೆ ಮಣ್ಣಾಗಿಹೋಗಿತ್ತು. ಸೊರಬದಲ್ಲಿ ಬಸ್ಸು ಬದಲಿಸಿ, ಇಳಿದು ನಡೆದು ಹೋಗುವಷ್ಟರಲ್ಲಿ ನನಗೆ ಏದುಸಿರು. ತಮ್ಮನ ಹೆಂಡತಿ ಚಾಪೆ ಹಾಸಿ, ಚಾ ಕೊಟ್ಟು, ಎದುರಿಗೆ ಕೂತಳು. ಅತ್ತಿದ್ದ ಕಣ್ಣು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದಳು: "ಒಂದ್ ಮಾತು ಕೇಳ್ತೆ, ಬೇಜಾರು ಮಾಡ್ಕಬ್ಯಾಡಿ. ಅತ್ತಿಗೆ ಕೇಕಿಗೆ ಮೊಟ್ಟೆ ಹಾಕ್ತಿದ್ರಂತಲ್ಲ. ಹೌದನ್ರಿ?"

"ಯಾರು ಹೇಳಿದ್ದು?"

"ಊರಾಗೆಲ್ಲ ಹಂಗೇ ಮಾತು. ಪೇಟೇಲಿ ಬಾಗ್ಲು ಹಾಕ್ಕಂಡು ಮಾಡ್ತಿದ್ರು ಅಂತ. ಅವ್ರ ಹೆಸ್ರಲ್ಲಿ ಗಣಾರಾಧನೆಗೆ ಊರಿಗೆಲ್ಲ ಅಡ್ಗೆ ಮಾಡಿಸ್ತೀವಿ, ಎಲೆ ಮುಂದೆ ಯಾರೂ ಕೂರ್ದೆ ಹೋದ್ರೆ ಎಂತ ಮಾಡದು? ಲಿಂಗ ಕಟ್ಕಂಡು ಹೋದೋರು ಅವ್ರು."

"ಇಲ್ಲಮ್ಮ. ಮೊಟ್ಟೆ ಹಾಕುತ್ತಿರಲಿಲ್ಲ. ನಾನು ನೋಡಿದ್ದೀನಿ."

ಅವಳು ನನ್ನ ಮುಖವನ್ನೇ ನೋಡಿದಳು. "ನೀವು ಮನೆ ಓನರ್ರು. ಒಳಗೆ ಎಂತ ನಡೀತಿತ್ತು ಅಂತ ನಿಮ್ಗೆ ಹೆಂಗೆ ಗೊತ್ತಾಗ್ಬೇಕು. ಅವ್ರ ಮೇಲಿನ ಪ್ರೀತಿಗೆ ಹಂಗೇ ಹೇಳ್ತೀರಿ."

ಹಿಂದೆ ಒಂದು ದಿನ ಫೋನಿನಲ್ಲಿ 'ನೋಡಿದಷ್ಟರಲ್ಲಿ' ಅಂದಿದ್ದೆ. ಈಗ ಆ ಮಾತು ಬೇಕಾಗಿರಲಿಲ್ಲ. "ಅಕ್ಕಪಕ್ಕದವರನ್ನೂ ಕರಿ" ಎಂದೆ. ಅವಳು ಅನುಮಾನದಿಂದಲೇ ಎದ್ದು ಕರೆದಳು. ನಾಲ್ಕಾರು ಹೆಂಗಸರು ಬಂದು ಬಾಗಿಲಲ್ಲಿ ನಿಂತರು, ಒಬ್ಬಿಬ್ಬರು ಕೂತರು. ಅನ್ನಕ್ಕೆ ನೀರು ಎಷ್ಟೆಂದು ಇವತ್ತಿಗೂ ಕೇಳಿ ಇಡುವವಳು ನಾನು, ಚಾ ಲೋಟ ಕೆಳಗಿಟ್ಟು, ಉಳವಿಯಿಂದ ಬೆಣ್ಣೆ ಹೇಗೆ ಬರುತ್ತಿತ್ತು, ಸೌಟಿನಲ್ಲಿ ಅದು ಹೇಗೆ ಚಟಚಟ ಅನ್ನಬೇಕು, ನೀರು ಯಾವಾಗ ತಿಳಿಯಾಗುತ್ತದೆ, ಬಾಗಿಲು ಯಾಕೆ ಹಾಕಬೇಕು ಎಂದು ಒಂದೊಂದಾಗಿ ಹೇಳತೊಡಗಿದೆ. ಬಾಗಿಲಿನ ಮಾತು ಬಂದಾಗ ಮೂಲೆಯಲ್ಲಿದ್ದ ಒಬ್ಬ ಮುದುಕಿ ತಲೆಯಾಡಿಸಿದಳು. ನಿಂತಿದ್ದವರೂ ಕೂತರು.

ಬಸ್ಸಿಗೆ ಹೊತ್ತಾಯಿತು ಎಂದು ಯಜಮಾನರು ಅಂಗಳದಿಂದ ಕರೆದರು. ನಾನಿನ್ನೂ ಸಕ್ಕರೆಯವರೆಗೂ ಬಂದಿರಲಿಲ್ಲ.